ಸ್ಮಾರ್ಟ್ ಮೀಟರ್ ಬಂದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಕರೆಂಟ್ ಹೋಗ್ತಿದೆ. ಲೋಡ್ 3ರಿಂದ 5 ಕಿಲೋವ್ಯಾಟ್‌ಗೆ ಏರಿಸಬೇಕಾ?

ಈಗಲೇ ಏರಿಸಬೇಡಿ. ಮೊದಲು ಕರೆಂಟ್ ತೆಗೀತಿರೋದು ಯಾರು ಅಂತ ನೋಡಿ.

ನೀವು ಬರೆದಿರೋದು ಇಷ್ಟು: ವಿರಾಜಪೇಟೆ ಹತ್ತಿರ ಹೊಸ ಮನೆ, ಹೊಸ ಸಂಪರ್ಕ, ಹಾಗಾಗಿ ಸ್ಮಾರ್ಟ್ ಮೀಟರ್. ಮಂಜೂರಾದ ಲೋಡ್, ಅಂದ್ರೆ ಒಮ್ಮೆಗೆ ಎಳೆಯಲು ಅನುಮತಿ ಇರುವಷ್ಟು, 3 ಕಿಲೋವ್ಯಾಟ್. ಬೆಳಿಗ್ಗೆ ಗೀಸರ್, ಬಾವಿ ಮೋಟರ್, ಇಂಡಕ್ಷನ್ ಒಲೆ ಮೂರೂ ಒಟ್ಟಿಗೆ ಓಡುವಾಗ ಮನೆಯೆಲ್ಲಾ ಕತ್ತಲು. ವೈರಿಂಗ್‌ನವರು 5 ಮಾಡಿಸಿ ಅಂದಿದ್ದಾರೆ.

ನಮಗೂ ಇದನ್ನೇ ಹೇಳಿದ್ದರು. ನಮ್ಮ ಮನೆ ನಾಪೋಕ್ಲು ಕಡೆ. ಅರ್ಜಿ ಕೊಟ್ಟು, ಹೆಚ್ಚಿನ ಠೇವಣಿ ಕಟ್ಟಿ 5 ಮಾಡಿಸಿದೆವು. ಮಾರನೇ ವಾರವೇ, ಏಳು ಗಂಟೆಗೆ, ಅದೇ ಕತ್ತಲು. ಅತ್ತೆ ಮಾತ್ರ ಬಿಸಿನೀರಲ್ಲಿ ಸ್ನಾನ ಮುಗಿಸಿ ಬಂದರು. ಅವರಿಗೆ ಇವತ್ತಿಗೂ ಬಚ್ಚಲ ಹಂಡೆಯೇ ಆಗಬೇಕು, ತೋಟದ ಒಣ ಸೌದೆ ಹಾಕಿ ಕಾಯಿಸುತ್ತಾರೆ.

ಕಾರಣ ಗೊತ್ತಾಗೋ ಹೊತ್ತಿಗೆ ಮಳೆಗಾಲವೇ ಮುಗಿದಿತ್ತು. ನಮ್ಮ ಮೇನ್ ಎಂಸಿಬಿ, ಅಂದ್ರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, 16 ಆಂಪ್‌ನದು. 230 ವೋಲ್ಟ್ ಇದ್ದರೆ 16 ಆಂಪ್ ಅಂದ್ರೆ ಸುಮಾರು 3.7 ಕಿಲೋವ್ಯಾಟ್. ಗೀಸರ್ 2 ಕಿಲೋವ್ಯಾಟ್, ಒಂದು ಎಚ್‌ಪಿ ಮೋಟರ್ ಎಳೆಯೋದು ಹತ್ತಿರ ಹತ್ತಿರ 1, ಇಂಡಕ್ಷನ್ 1.6, ಫ್ರಿಜ್ ಲೈಟು ಸೇರಿ 0.3. ಒಟ್ಟು 4.9, ಅಂದ್ರೆ 21 ಆಂಪ್. ಎಂಸಿಬಿ ಇಷ್ಟಕ್ಕೆ ತಕ್ಷಣ ಬೀಳೋದಿಲ್ಲ. ಸ್ವಲ್ಪ ಹೊತ್ತು ತಡೆದುಕೊಂಡು, ಒಳಗೆ ಬಿಸಿಯಾಗಿ ಆಮೇಲೆ ಬೀಳುತ್ತದೆ. ಅದಕ್ಕೇ ನಮಗೆ ಗೊಂದಲ ಆಗಿದ್ದು. ಕಾಗದದ ಮೇಲೆ 3 ಹೋಗಿ 5 ಆಗಿದ್ದು ಆ ಎಂಸಿಬಿಗೇನು ಗೊತ್ತು! ಹಾಗಂತ ಸೀದಾ 32ರದ್ದು ತಂದು ಹಾಕಬೇಡಿ. ಮೇನ್ ವೈರ್ ದಪ್ಪ ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ಎಂಸಿಬಿ ಬೀಳೋ ಬದಲು ವೈರ್ ಸುಡುತ್ತದೆ.

ಹಾಗಾಗಿ ಮುಂದಿನ ಸಲ ಕರೆಂಟ್ ಹೋದ ಕೂಡಲೇ ಟಾರ್ಚ್ ಹಿಡಿದು ಮೀಟರ್ ಹತ್ತಿರ ಹೋಗಿ. ಎಂಸಿಬಿ ಲಿವರ್ ಕೆಳಗೆ ಬಿದ್ದಿದ್ದರೆ ತೊಂದರೆ ನಿಮ್ಮ ವೈರಿಂಗ್ ಕಡೆಯದು, ಲೋಡ್ ಏರಿಸಿ ಪ್ರಯೋಜನ ಇಲ್ಲ. ಮೀಟರ್ ಪರದೆಯೇ ಆರಿದ್ದರೆ ಲೈನ್ ಹೋಗಿದೆ. ಎಲ್ಲೋ ಮರ ಬಿದ್ದಿರುತ್ತದೆ, 1912ಕ್ಕೆ ಫೋನ್ ಮಾಡಿ. ಲಿವರ್ ಮೇಲೇ ಇದೆ, ಪರದೆಯಲ್ಲಿ ಅಂಕಿ ಓಡ್ತಿದೆ, ಆದರೆ ಮನೆಯಲ್ಲಿ ಕರೆಂಟ್ ಇಲ್ಲ ಅಂದ್ರೆ ಮಾತ್ರ ಕೈವಾಡ ಮೀಟರಿನದ್ದು.

ಸ್ಮಾರ್ಟ್ ಮೀಟರ್ ಒಳಗೇ ಒಂದು ಸ್ವಿಚ್ ಇರುತ್ತದೆ. ಇಂತಿಷ್ಟು ಕಿಲೋವ್ಯಾಟ್ ದಾಟಿದರೆ ತೆಗಿ ಅಂತ ವಿದ್ಯುತ್ ಕಂಪನಿಯವರು ಅದಕ್ಕೆ ಮಿತಿ ಹಾಕಿಡಬಹುದು. ದಾಟಿದರೆ ತೆಗೆಯುತ್ತದೆ, ಸ್ವಲ್ಪ ಬಿಟ್ಟು ತಾನಾಗೇ ಕೊಟ್ಟು ನೋಡುತ್ತದೆ. ಕೆಲವು ಸಲ ಹೀಗೆ ಮಾಡಿಯೂ ಲೋಡ್ ಇಳಿದಿರದಿದ್ದರೆ ಅರ್ಧ ಗಂಟೆ ಸುಮ್ಮನೆ ಕೂರುತ್ತದೆ. ಆಮೇಲೆ ಮತ್ತೆ ಅದೇ ಆಟ. ಹಾಗಾಗಿ ಕತ್ತಲಾದ ತಕ್ಷಣ ಗೀಸರ್ ಸ್ವಿಚ್ ಆರಿಸಿ. ಸುಮ್ನೆ ಕಾಯ್ತಾ ಕೂತರೆ ಮೀಟರ್ ಕೂಡ ಕಾಯ್ತಾ ಕೂರುತ್ತದೆ.

ಮಿತಿ ಹಾಕಿಲ್ಲದಿದ್ದರೂ ಮೀಟರ್ ಲೆಕ್ಕ ಬರೆಯೋದನ್ನು ಬಿಡಲ್ಲ. ಅದರ ಬಟನ್ ಒತ್ತುತ್ತಾ ಹೋದರೆ ಒಂದು ಕಡೆ ‘ಎಂಡಿ’ ಅಂತ ಬರುತ್ತದೆ, ಕಿಲೋವ್ಯಾಟ್‌ನಲ್ಲಿ. ಅದೇ ಆ ತಿಂಗಳ ಗರಿಷ್ಠ ಬೇಡಿಕೆ. ಇಲ್ಲೇ ಜನ ತಪ್ಪು ತಿಳಿಯೋದು. ಮೋಟರ್ ಸ್ಟಾರ್ಟ್ ಆಗುವಾಗ ಒಂದೆರಡು ಸೆಕೆಂಡ್ ಎಗರುವ ಕರೆಂಟ್ ಎಂಡಿ ಅಲ್ಲ. ಎಂಡಿ ಅಂದ್ರೆ 15 ಅಥವಾ 30 ನಿಮಿಷದ ಸರಾಸರಿ. ಅರ್ಧ ಗಂಟೆಯ ಲೆಕ್ಕ ಹಿಡಿಯೋಣ. ಗೀಸರ್ 20 ನಿಮಿಷ ಓಡಿದರೆ 1.33, ಮೋಟರ್ ಕಾಲು ಗಂಟೆಗೆ 0.5, ಇಂಡಕ್ಷನ್ ಪೂರ್ತಿ ಅರ್ಧ ಗಂಟೆ 1.6, ಉಳಿದಿದ್ದು 0.3. ಸೇರಿ 3.7. ಅದೇ ಗೀಸರ್ ಕೆಲಸ ಅರ್ಧ ಗಂಟೆ ಮೊದಲೇ ಮುಗಿದಿದ್ದರೆ? 2.4. ಅದೇ ನೀರು, ಅದೇ ಯೂನಿಟ್, ಆದರೆ ಒಂದು 3ರ ಮೇಲೆ, ಒಂದು 3ರ ಒಳಗೆ.

ಒಂದು ತಿಂಗಳು 3 ದಾಟಿತು ಅಂತ ಗಾಬರಿ ಬೇಡ. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2023ರ ಜೂನ್‌ನಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಸ್ಮಾರ್ಟ್ ಮೀಟರ್ ಮನೆಯಲ್ಲಿ ದಾಟಿದ ತಿಂಗಳ ಬಿಲ್ ಆ ನಿಜವಾದ ಎಂಡಿ ಮೇಲೆ. ಮಂಜೂರಾದ ಲೋಡನ್ನೇ ಏರಿಸಬೇಕಾದರೆ ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ದಾಟಿರಬೇಕು, ಆಗಲೂ ದಾಟಿದ ತಿಂಗಳುಗಳಲ್ಲಿ ಅತಿ ಕಡಿಮೆ ಇದ್ದ ಎಂಡಿಯನ್ನೇ ಹಿಡಿಯಬೇಕು. ಮೀಟರ್ ಹಾಕುವ ಮೊದಲಿನ ದಿನಗಳಿಗೆ ಈ ಎಂಡಿ ಲೆಕ್ಕದ ಮೇಲೆ ದಂಡ ಹಾಕೋ ಹಾಗಿಲ್ಲ. ಮೀಟರೇ ಜಾಸ್ತಿ ಓಡ್ತಿದೆ ಅಂತ ಅನುಮಾನ ಇದ್ದರೆ ದೂರು ಕೊಡಿ. 2024ರ ತಿದ್ದುಪಡಿ ಪ್ರಕಾರ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಕೂರಿಸಿ, ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು.

ಸುಮ್ನೆ 5 ಇಟ್ಟುಕೊಂಡರೆ ಏನು ನಷ್ಟ ಅಂತೀರಾ? 2025-26ರ ದರದಲ್ಲಿ ಮನೆ ಸಂಪರ್ಕಕ್ಕೆ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಎರಡು ಕಿಲೋವ್ಯಾಟ್‌ಗೆ 290, ವರ್ಷಕ್ಕೆ 3,480. ನಾವು 200 ಯೂನಿಟ್ ದಾಟುವವರು, ಗೃಹಜ್ಯೋತಿಯ ಉಚಿತ ಕರೆಂಟ್ ಸಿಗಲ್ಲ, ಹಾಗಾಗಿ ಇದು ಪೂರ್ತಿ ಕೈಯಿಂದಲೇ ಹೋಯಿತು. ಆಮೇಲೆ ಇಳಿಸಲಿಕ್ಕೆ ಮತ್ತೊಂದು ಅರ್ಜಿ, ಮತ್ತೊಂದು ಓಡಾಟ. ಲೋಡ್ ಏರಿಸಿದರೆ ಗೃಹಜ್ಯೋತಿ ತಪ್ಪುತ್ತದಾ ಅಂತಲೂ ಕೇಳಿದ್ದೀರಿ. ಅದು ನೋಡೋದು ಯೂನಿಟ್, ಕಿಲೋವ್ಯಾಟ್ ಅಲ್ಲ.

ಯಾವುದು ಎಷ್ಟು ಎಳೆಯುತ್ತದೆ ಅಂತ ತಿಳಿಯೋಕೆ ಆ್ಯಪ್ ಏನೂ ಬೇಡ. ಮೀಟರಿನಲ್ಲಿ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಅಂತ ಮೀಟರ್ ಮೇಲೇ ಬರೆದಿರುತ್ತದೆ. ನಮ್ಮದರಲ್ಲಿ 1600. ಎಲ್ಲಾ ಆರಿಸಿ ಗೀಸರ್ ಮಾತ್ರ ಹಾಕಿ, ನಾನು ಎಣಿಸುತ್ತಾ ನಿಂತೆ, ಮಗಳು ಫೋನಲ್ಲಿ ನಿಮಿಷ ನೋಡಿದಳು. ಒಂದು ನಿಮಿಷಕ್ಕೆ 53 ಮಿನುಗು. 60ರಿಂದ ಗುಣಿಸಿ 1600ರಿಂದ ಭಾಗಿಸಿದರೆ 1.99 ಕಿಲೋವ್ಯಾಟ್. ಗೀಸರ್ ಮೇಲೆ ಬರೆದಿದ್ದು 2.

ಇದೇ ಲೆಕ್ಕವನ್ನು ಜುಲೈನಲ್ಲಿ ಮಾಡಿದಾಗ 29 ಬಂತು, ಅಂದ್ರೆ 1.1 ಕೂಡ ಸರಿಯಾಗಿ ಇಲ್ಲ. ಗೀಸರ್ ಕೆಟ್ಟಿರಲಿಲ್ಲ. ಆವತ್ತು ವೋಲ್ಟೇಜ್ 170. ವೋಲ್ಟೇಜ್ ಕಾಲು ಭಾಗ ಇಳಿದರೆ ಕಾಯಿಲ್‌ನ ಶಕ್ತಿ ಹೆಚ್ಚುಕಮ್ಮಿ ಅರ್ಧವಾಗುತ್ತದೆ, ನೀರು ಕಾಯೋಕೆ ದುಪ್ಪಟ್ಟು ಹೊತ್ತು ಬೇಕು. ಮೋಟರ್ ಮಾತ್ರ ಉಲ್ಟಾ. ಕಡಿಮೆ ವೋಲ್ಟೇಜ್‌ನಲ್ಲಿ ಅದು ಜಾಸ್ತಿ ಆಂಪ್ ಎಳೆದು ಬಿಸಿಯಾಗುತ್ತದೆ, ಎಂಸಿಬಿಯನ್ನೂ ಬೀಳಿಸುತ್ತದೆ. ಲೈನಿನ ಕೊನೆಯ ಮನೆಗಳಲ್ಲಿ ಇದು ಮಾಮೂಲು. ನಿಮ್ಮ ಕಡೆಯೂ ಮೋಟರ್ ಹಾಕಿದಾಗ ಲೈಟು ಮಂಕಾಗುತ್ತಿದ್ದರೆ ಮೊದಲು ವೋಲ್ಟೇಜ್ ನೋಡಿಸಿ. ಅದಕ್ಕೂ 5 ಕಿಲೋವ್ಯಾಟ್ ಮದ್ದಲ್ಲ.

ಕರೆಂಟ್ ಹೋದಾಗ ಲಿವರ್ ಮೇಲಿತ್ತಾ ಕೆಳಗಿತ್ತಾ, ಎಂಸಿಬಿ ಮೇಲೆ ಎಷ್ಟು ಅಂತ ಬರೆದಿದೆ, ಎಂಡಿ ಎಷ್ಟು ತೋರಿಸ್ತಿದೆ, ಈ ಮೂರು ಇಲ್ಲಿ ಕೆಳಗೆ ಹಾಕಿ. ಆಮೇಲೆ ಹೇಳ್ತೀನಿ.