ಹಳೆಯ ಸ್ಪೀಕರಿನ ಕೆಪಾಸಿಟರ್ ಬದಲಿಸುವ ಮುನ್ನ

ಪ್ರಶ್ನೆ: ನಾನು ಅಮೆರಿಕದ ಬಾಸ್ಟನ್ ಸಮೀಪ ನೆಲೆಸಿದ್ದೇನೆ. ನಮ್ಮ ಸೋದರಮಾವ ಇಲ್ಲಿಗೆ ಓದಲು ಬಂದಿದ್ದಾಗ, 1970ರಲ್ಲಿ, ಕೊಂಡ ‘ಎಆರ್-3ಎ’ ಸ್ಪೀಕರುಗಳ ಜೋಡಿ ಈಗ ನನ್ನ ಪಾಲಿಗೆ ಬಂದಿದೆ. ಮೈಸೂರು ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯ ಎಲ್‌ಪಿ ಹಾಕಿದರೆ ಮೀಟಿನ ಚುರುಕೇ ಕೇಳುವುದಿಲ್ಲ. ಸ್ಪೀಕರಿಗೆ ಕಂಬಳಿ ಹೊದಿಸಿದಂತಿದೆ. ಬಲಗಡೆಯ ಟ್ವೀಟರ್, ಅಂದರೆ ಎತ್ತರದ ಸ್ವರಗಳ ಪುಟ್ಟ ಘಟಕ, ಪೂರ್ತಿ ಮೌನವಾಗಿದೆ. ಹಿಂಬದಿಯ ಗುಂಡಿ ತಿರುಗಿಸಿದರೆ ಕರಕರ ಸದ್ದು ಬರುತ್ತದೆ. ಒಳಗಿನ ಕೆಪಾಸಿಟರುಗಳನ್ನೆಲ್ಲ (ವಿದ್ಯುದಾವೇಶ ಹಿಡಿದಿಡುವ ಬಿಡಿಭಾಗಗಳನ್ನು) ಬದಲಿಸಬೇಕೆಂದು ಗೆಳೆಯರು ಹೇಳುತ್ತಾರೆ. ಹಾಗಿದ್ದರೆ ದುಬಾರಿ ಬೆಲೆಯವನ್ನೇ ಹಾಕಿಸಲೇ?

ಉತ್ತರ: ನಿಮ್ಮ ಕೈಗೆ ಬಂದಿರುವುದು ನಿಮ್ಮ ನೆರೆಯ ಕೇಂಬ್ರಿಡ್ಜ್‌ನಲ್ಲೇ ಹುಟ್ಟಿದ ಸ್ಪೀಕರು. ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಅವರು 1954ರಲ್ಲಿ ಅಲ್ಲಿ ಸ್ಥಾಪಿಸಿದ ಅಕೌಸ್ಟಿಕ್ ರಿಸರ್ಚ್ ಸಂಸ್ಥೆ ಈ ಮಾದರಿಯನ್ನು 1967ರಲ್ಲಿ ಹೊರತಂದಿತು. ಅರ್ಧ ಶತಮಾನ ದಾಟಿದ ಪೆಟ್ಟಿಗೆಯಲ್ಲಿ ಕೆಪಾಸಿಟರ್ ಸೊರಗಿದ್ದರೆ ಆಶ್ಚರ್ಯವಿಲ್ಲ. ಆದರೆ ಟ್ವೀಟರಿನ ಮೌನಕ್ಕೂ ಗುಂಡಿಯ ಕರಕರ ಸದ್ದಿಗೂ ಮೊದಲ ಗುಮಾನಿ ಕೆಪಾಸಿಟರಿನ ಮೇಲಲ್ಲ, ಆ ಗುಂಡಿಯ ಹಿಂದಿರುವ, ಸ್ವರದ ಮಟ್ಟ ಏರಿಳಿಸುವ ಪೊಟೆನ್ಶಿಯೋಮೀಟರಿನ ಮೇಲೆ ಬೀಳಬೇಕು.

ಈ ಮಾದರಿಯಲ್ಲಿ ಮಧ್ಯಮ ಸ್ವರದ ಡ್ರೈವರಿಗೊಂದು, ಟ್ವೀಟರಿಗೊಂದು ಪೊಟೆನ್ಶಿಯೋಮೀಟರ್ ಇದೆ. ತಂತಿ ಸುತ್ತಿದ ಉಂಗುರದ ಮೇಲೆ ಲೋಹದ ನಾಲಿಗೆಯೊಂದು ಸರಿಯುತ್ತದೆ. ಬಿಚ್ಚಿ ನೋಡಿದರೆ ಆ ನಾಲಿಗೆ ತಗಲುವ ಜಾಗದಲ್ಲಿ ತಾಮ್ರದ ಚೊಂಬಿಗೆ ಹಿಡಿಯುವಂಥ ಹಸಿರು ಕಿಲುಬು ಕಟ್ಟಿರುವುದು ಸಾಮಾನ್ಯ. ಕಿಲುಬಿನ ಮೇಲೆ ನಾಲಿಗೆ ನಿಂತರೆ ವಿದ್ಯುತ್ತೇ ಹರಿಯದು, ಟ್ವೀಟರ್ ಸತ್ತೇಹೋಯಿತೆಂದು ನಾವು ಭಾವಿಸುತ್ತೇವೆ. ಆಂಪ್ಲಿಫೈಯರಿನ ಧ್ವನಿಯನ್ನು ಚೆನ್ನಾಗಿ ತಗ್ಗಿಸಿಟ್ಟು ಗುಂಡಿಯನ್ನು ನಿಧಾನವಾಗಿ ತಿರುಗಿಸಿ ನೋಡಿ. ಯಾವುದೋ ಒಂದು ಬಿಂದುವಿನಲ್ಲಿ ಸ್ವರ ತಟ್ಟನೆ ಬಂದು ಹೋದರೆ ಟ್ವೀಟರ್ ಬದುಕಿದೆ ಎಂದೇ ಅರ್ಥ. ಪೊಟೆನ್ಶಿಯೋಮೀಟರನ್ನು ಬಿಚ್ಚಿ, ನುಣುಪಾದ ಮರಳು ಕಾಗದದಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದರೆ ಬಹಳಷ್ಟು ಸಲ ಸರಿಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಎಲ್-ಪ್ಯಾಡನ್ನು (ಸ್ವರ ತಗ್ಗಿಸುವ ಇನ್ನೊಂದು ಬಗೆಯ ನಿಯಂತ್ರಕವನ್ನು) ಅದರ ಜಾಗದಲ್ಲಿ ಹಾಗೆಯೇ ಕೂರಿಸಬೇಡಿ. ಅದು ಕ್ರಾಸ್‌ಓವರಿನ, ಅಂದರೆ ಎತ್ತರ ತಗ್ಗಿನ ಸ್ವರಗಳನ್ನು ಬೇರ್ಪಡಿಸಿ ಹಂಚುವ ಮಂಡಲದ, ಮೇಲೆ ಬೀಳುವ ಭಾರವನ್ನು ಬದಲಿಸಿ ಸ್ವರಗಳ ಸಮತೋಲವನ್ನೇ ಕದಲಿಸುತ್ತದೆ.

ಇನ್ನು ಕೆಪಾಸಿಟರಿನ ವಿಚಾರ. ಧ್ರುವವಿಲ್ಲದ, ಅಂದರೆ ಧನ ಋಣ ತುದಿಗಳ ಭೇದವಿಲ್ಲದ, ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲಿ ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವಿರುತ್ತದೆ. ವರ್ಷಗಳು ಕಳೆದಂತೆ ಆ ದ್ರವ ಒಣಗಿ ಒಳಗಿನ ಸರಣಿ ರೋಧ, ಅಂದರೆ ರಿಪೇರಿ ಮಾಡುವವರ ಬಾಯಲ್ಲಿ ‘ಇಎಸ್‌ಆರ್’, ಏರುತ್ತದೆ. ನಿಮ್ಮ ಸ್ಪೀಕರಿನ ಕ್ರಾಸ್‌ಓವರಿನಲ್ಲಿ 6, 50 ಮತ್ತು 150 ಮೈಕ್ರೋಫ್ಯಾರಡ್ಡಿನ ಮೂರು ಕೆಪಾಸಿಟರುಗಳಿದ್ದು, 575 ಮತ್ತು 5,000 ಹರ್ಟ್ಸ್‌ಗಳಲ್ಲಿ ಸ್ವರಗಳು ಹಂಚಿಕೆಯಾಗುತ್ತವೆ. 6 ಮೈಕ್ರೋಫ್ಯಾರಡ್ಡಿನದು ಟ್ವೀಟರಿನ ದಾರಿಯಲ್ಲಿದೆ. ಅದರ ರೋಧ ಏರಿದಷ್ಟೂ ವೀಣೆಯ ಮೀಟು ಮಂಕಾಗುತ್ತದೆ. 150ರದ್ದು ತಗ್ಗು ಸ್ವರಗಳ ಘಟಕವಾದ ವೂಫರಿನ ಕಡೆಗಿದ್ದು, ವೂಫರಿಗೆ ಬೇಡದ ಮೇಲಿನ ಸ್ವರಗಳನ್ನು ಬದಿಗೆ ಹರಿಸುತ್ತದೆ. 575 ಹರ್ಟ್ಸ್‌ನಲ್ಲಿ ಅದರ ಪ್ರತಿರೋಧ ಲೆಕ್ಕದ ಪ್ರಕಾರ ಸುಮಾರು 1.85 ಓಮ್ ಮಾತ್ರ. ಇಷ್ಟು ಕಡಿಮೆ ಇರುವಲ್ಲಿ ಒಂದು ಓಮ್ ಹೆಚ್ಚಾದರೂ ಆ ಕೆಲಸ ಕೆಡುತ್ತದೆ, ಗಾಯನದ ಮಧ್ಯಭಾಗ ಮುದ್ದೆಯಾಗುತ್ತದೆ.

ಆದ್ದರಿಂದ ಅಳೆದು ನೋಡದೆ ಯಾವುದನ್ನೂ ಬದಲಿಸಬೇಡಿ. ಕೆಪಾಸಿಟರಿನ ಒಂದು ಕಾಲಿನ ಬೆಸುಗೆ ಬಿಡಿಸಿ, ಮೌಲ್ಯವನ್ನೂ ಇಎಸ್‌ಆರನ್ನೂ ತೋರಿಸುವ ಎಲ್‌ಸಿಆರ್ ಮೀಟರಿನಲ್ಲಿ ಅಳೆಯಿರಿ. ಸಾಧಾರಣ ಮಲ್ಟಿಮೀಟರ್ ಇಎಸ್‌ಆರ್ ತೋರಿಸುವುದಿಲ್ಲ. ಸೋರುವ ಕೆಪಾಸಿಟರಿಗೆ ಅದು ಹೆಚ್ಚಿನ ಅಂಕಿಯನ್ನೂ ತೋರಿಸಿ ಮೋಸಮಾಡಬಲ್ಲದು.

ಬದಲಿಸುವುದೇ ಆದರೆ ನನ್ನ ಸಲಹೆ ಹೀಗಿದೆ. 6 ಮೈಕ್ರೋಫ್ಯಾರಡ್ಡಿಗೆ ಸಾಧಾರಣ ಬೆಲೆಯ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಸಾಕು. 50 ಮತ್ತು 150ಕ್ಕೆ ಶೇ. 5ರ ನಿಖರತೆಯ, 100 ವೋಲ್ಟಿನ, ಧ್ರುವವಿಲ್ಲದ ಹೊಸ ಎಲೆಕ್ಟ್ರೋಲಿಟಿಕ್ ಹಾಕಿಸಿ. ಎರಡೂ ಪೆಟ್ಟಿಗೆಗಳಿಗೆ ಒಂದೇ ಬಗೆಯವನ್ನು ಹಾಕದಿದ್ದರೆ ಎಡಬಲಗಳ ಸ್ವರ ಬೇರೆಯಾಗುತ್ತದೆ. ಹತ್ತು ಪಟ್ಟು ಬೆಲೆಯ ಕೆಪಾಸಿಟರಿಗಾಗಿ ಹಣ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮಾವನವರು ಕೇಳಿದ ಸ್ವರವನ್ನೇ ಮರಳಿ ಪಡೆಯುವುದು ನಿಮ್ಮ ಉದ್ದೇಶವಾದರೆ ವಿನ್ಯಾಸಕಾರರು ಕೊಟ್ಟ ಮೌಲ್ಯಗಳಿಗೆ ನಿಷ್ಠರಾಗಿರುವುದೇ ಮುಖ್ಯ. ಫಿಲ್ಮ್ ಕೆಪಾಸಿಟರಿನ ರೋಧ ತೀರ ಕಡಿಮೆಯಿರುವುದರಿಂದ ಟ್ವೀಟರ್ ಕೊಂಚ ಮುಂದೆ ಬಂದಂತೆ ತೋರಿದರೆ, ಗುಂಡಿಯಿಂದಲೇ ಸ್ವಲ್ಪ ತಗ್ಗಿಸಿಕೊಳ್ಳಿ.

ಕ್ರಾಸ್‌ಓವರ್ ತಲುಪಲು ವೂಫರ್ ತೆಗೆದೇ ಒಳಗೆ ಕೈ ಹಾಕಬೇಕು. ಪೆಟ್ಟಿಗೆಯೊಳಗೆ ಬಂಧಿಯಾದ ಗಾಳಿಯೇ ಈ ವೂಫರಿಗೆ ಸ್ಪ್ರಿಂಗು. ಅದಕ್ಕಾಗಿ ಸುತ್ತಲೂ ಮೆತ್ತಿರುವ ಮೃದುವಾದ ಪುಟ್ಟಿಯನ್ನು ಜೋಪಾನವಾಗಿಟ್ಟು ಮತ್ತೆ ಮೆತ್ತಬೇಕು, ಒಳಗಿನ ನಾರನ್ನೂ ಒಂದೆಳೆ ಕಡಿಮೆಯಾಗದಂತೆ ಹಿಂದಕ್ಕೆ ತುಂಬಬೇಕು. ಅದು ಗಾಜಿನ ನಾರಾಗಿದ್ದರೆ ಚರ್ಮ ತುರಿಸುತ್ತದೆ, ಧೂಳು ಗಂಟಲಿಗೂ ಹೋಗುತ್ತದೆ. ಕೈಗವಸು, ಮುಖಗವಸು ತೊಡಿ. ಸ್ಕ್ರೂಡ್ರೈವರನ್ನು ಅಯಸ್ಕಾಂತ ಎಳೆದುಕೊಂಡು ಕೋನ್ ತೂತಾಗದಂತೆ ಗಮನವಿಡಿ. ಬೆಸುಗೆ ಬಿಡಿಸುವ ಮುನ್ನ ಪ್ರತಿ ತಂತಿಯ ಜಾಗವನ್ನೂ ಚಿತ್ರ ತೆಗೆದಿಟ್ಟುಕೊಳ್ಳಿ. ಕ್ರಾಸ್‌ಓವರಿನ ತಂತಿಯ ಸುರುಳಿಗಳನ್ನು ಮುಟ್ಟಬೇಡಿ, ಅವುಗಳಿಗೆ ಕೆಪಾಸಿಟರಿನಂತೆ ಮುಪ್ಪು ಬರುವುದಿಲ್ಲ.

ಪ್ರಶ್ನೆ: ಶಿವಮೊಗ್ಗದ ನಮ್ಮ ಮನೆಯ ಹಳೆಯ ಸ್ಪೀಕರಿನಲ್ಲಿ 4.7 ಮೈಕ್ರೋಫ್ಯಾರಡ್ಡಿನ ಧ್ರುವವಿಲ್ಲದ ಕೆಪಾಸಿಟರ್ ಕೆಟ್ಟಿದೆ. ರಿಪೇರಿಯವರು ಧ್ರುವವಿರುವ ಎರಡನ್ನು ಜೋಡಿಸಿ ಕೊಡುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಒಪ್ಪಬಹುದು. 10 ಮೈಕ್ರೋಫ್ಯಾರಡ್ಡಿನ ಎರಡನ್ನು ಋಣ ತುದಿಗೆ ಋಣ ತುದಿ ಕೂಡಿಸಿ ಸರಣಿಯಲ್ಲಿ ಬೆಸೆದರೆ ಒಟ್ಟು 5 ಆಗುತ್ತದೆ. ಆ ವ್ಯತ್ಯಾಸ ಕಿವಿಗೆ ಬೀಳುವಷ್ಟು ದೊಡ್ಡದಲ್ಲ. ಧ್ರುವವಿರುವ ಒಂದನ್ನೇ ಹಾಕಲು ಮಾತ್ರ ಬಿಡಬೇಡಿ, ಅದು ಕಾಯ್ದು ಒಡೆಯಬಹುದು. ಬೆಂಗಳೂರಿಗೆ ಹೋಗಿಬರುವವರಿದ್ದರೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ‘ನಾನ್ ಪೋಲಾರ್’ ಎಂದು ಕೇಳಿ 4.7ರದ್ದನ್ನೇ ತರಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಎರಡೂ ಸ್ಪೀಕರಿಗೆ ಆಗುವಂತೆ ಜೋಡಿ ತರಿಸಿ.