ಮೂರು ಬೆರಳಿನ ಕೆಲಸ

ಪತ್ರ: “ಕಳೆದ ಸಂಚಿಕೆಯಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಊರಿನ ಮಠದ ಹಸ್ತಪ್ರತಿಗಳನ್ನು ಬಹಳ ಹೊಗಳಿದ್ದೀರಿ. ಊಟ, ವಸತಿ ಮಠದ್ದು. ನೆರಳಲ್ಲಿ ಕೂತು ನಕಲು ಮಾಡುವುದು. ಇದರಲ್ಲಿ ಅಂಥ ತಪಸ್ಸೇನಿದೆ?” – ಓದುಗರೊಬ್ಬರು, ಶಿರಸಿ

ಉತ್ತರ: ನೆರಳೇನೋ ಇತ್ತು ಸ್ವಾಮಿ, ಅವರಿಗೆ ಬೇಕಾಗಿದ್ದದ್ದು ಬೆಳಕು. 9ನೇ ಶತಮಾನದ ಮೊದಲ ಭಾಗದಲ್ಲಿ ಆ ಮಠದ ಮುಖ್ಯಸ್ಥ ಗೋಜ್ಬರ್ಟ್‌ಗೆಂದು ಬರೆದ ಕಟ್ಟಡ ನಕ್ಷೆಯೊಂದು ಇಂದಿಗೂ ಅಲ್ಲಿದೆ. ಚರ್ಚಿಗೆ ಅಂಟಿಕೊಂಡ ಕೋಣೆ, ಕೆಳಗೆ ಬರೆಯುವವರ ಆಸನ, ಮೇಲೆ ಪುಸ್ತಕ ಭಂಡಾರ. ಏಳು ಕಿಟಕಿ, ಏಳು ಮೇಜು. ನಕ್ಷೆಯಲ್ಲಿದ್ದಂತೆಯೇ ಕಟ್ಟಲಿಲ್ಲ, ಆ ಮಾತು ಬೇರೆ. (ಆಗ ಬರೆಯುತ್ತಿದ್ದದ್ದು ಕಾಗದದ ಮೇಲಲ್ಲ, ತೊಗಲಿನ ಮೇಲೆ. ಐದು ತೊಗಲು ಹೊಲಿದ ಆ ನಕ್ಷೆ ಉಳಿದದ್ದೇ ತಮಾಷೆ. 12ನೇ ಶತಮಾನದಲ್ಲಿ ಯಾರೋ ಹಿಂಬದಿಯಲ್ಲಿ ಸಂತ ಮಾರ್ಟಿನನ ಚರಿತ್ರೆ ಬರೆದು ಮಡಿಸಿಟ್ಟರು; ನಕ್ಷೆ ಪುಸ್ತಕದ ವೇಷದಲ್ಲಿ ಬಚಾವಾಯಿತು.)

ಇನ್ನು ಕೂರುವ ಮುಂಚಿನ ಕೆಲಸ. ಕರು, ಕುರಿ, ಆಡಿನ ತೊಗಲನ್ನು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ರೋಮ ತೆಗೆದು, ಚೌಕಟ್ಟಿಗೆ ಬಿಗಿದು, ಅರ್ಧಚಂದ್ರದಂಥ ಕತ್ತಿಯಿಂದ ಹೆರೆಯಬೇಕು. ಕತ್ತಿ ಚೂರು ಜಾರಿದರೆ ಸೀಳು. ಬಿಗಿತಕ್ಕೆ ಅದು ಕಣ್ಣಿನಂತೆ ಅಗಲವಾಗುತ್ತದೆ. ಆದರೂ ಬಿಸಾಡುವಂತಿಲ್ಲ, ತೊಗಲು ಅಷ್ಟು ದುಬಾರಿ. ಅಂಥ ಹಾಳೆಗಳಲ್ಲಿ ಸಾಲು ತೂತಿನವರೆಗೆ ಬಂದು, ದಾಟಿ, ಆಚೆ ಮುಂದುವರಿಯುತ್ತದೆ. ಶಾಯಿಗೆ ಮಾಚಿಕಾಯಿ, ಅನ್ನಭೇದಿ, ಗೋಂದು. ನಿಮ್ಮೂರ ಗ್ರಂಥಿಗೆ ಅಂಗಡಿಯಲ್ಲಿ ವಿಚಾರಿಸಿ, ಮನಸ್ಸಿದ್ದರೆ ಮಾಡಿಯೇ ನೋಡಿ. ಬಲಗೈಯಲ್ಲಿ ಹೆಬ್ಬಾತಿನ ಗರಿ, ಎಡಗೈಯಲ್ಲಿ ಚಾಕು: ತೊಗಲು ಏಳದಂತೆ ಒತ್ತುವುದಕ್ಕೂ ಅದೇ, ತಪ್ಪು ಕೆರೆಯುವುದಕ್ಕೂ ಅದೇ.

ಸುಖವೇ ಇರಲಿಲ್ಲ ಅನ್ನಲಾರೆ. ಅದೇ ಭಂಡಾರದಲ್ಲಿ ಪ್ರಿಸ್ಕಿಯನ್‌ನ ಲ್ಯಾಟಿನ್ ವ್ಯಾಕರಣದ ಪ್ರತಿಯೊಂದಿದೆ, 9ನೇ ಶತಮಾನದ ಐರಿಷ್ ಸನ್ಯಾಸಿಗಳ ಕೈಬರಹ. ಅಂಚಿನಲ್ಲಿ ಒಗಮ್ ಎಂಬ ಹಳೆಯ ಐರಿಷ್ ಲಿಪಿಯಲ್ಲಿ ಒಂದೇ ಪದ. ಅರ್ಥ, ಕುಡಿದ ಮರುದಿನದ ತಲೆಭಾರ! ಇನ್ನೊಂದು ಅಂಚಿನಲ್ಲಿ ಪುಟ್ಟ ಪದ್ಯ: ಇವತ್ತು ರಾತ್ರಿ ಗಾಳಿ ಜೋರು, ಕಡಲು ಕೆರಳಿದೆ, ಕಡಲ್ಗಳ್ಳ ವೈಕಿಂಗರ ಹೆದರಿಕೆಯಿಲ್ಲ. ಬಿರುಗಾಳಿ ಎದ್ದರೆ ನೆಮ್ಮದಿ ಅನ್ನುವ ಸ್ಥಿತಿ. ಸೇಂಟ್ ಗಾಲೆನ್‌ಗೂ 926ರಲ್ಲಿ ಹಂಗೇರಿಯನ್ನರು ನುಗ್ಗಿದರು. ಅಷ್ಟರೊಳಗೆ ಪುಸ್ತಕಗಳನ್ನು ರೈಖೆನಾವ್ ಮಠಕ್ಕೆ ಸಾಗಿಸಿಯಾಗಿತ್ತು.

ತಪಸ್ಸೋ ಅಲ್ಲವೋ, ಬರೆದವರನ್ನೇ ಕೇಳೋಣ. ಯುರೋಪಿನ ಲಿಪಿಕಾರರು ಪ್ರತಿಯ ಕೊನೆಗೆ ಬರೆಯುತ್ತಿದ್ದ ಮಾತು ಇದು: ಮೂರು ಬೆರಳು ಬರೆಯುತ್ತವೆ, ಇಡೀ ಮೈ ದುಡಿಯುತ್ತದೆ. ನಮ್ಮ ಲಿಪಿಕಾರರ ‘ಭಗ್ನಪೃಷ್ಠಕಟಿಗ್ರೀವಃ’ ಶ್ಲೋಕ ಗೊತ್ತಲ್ಲ? ಬೆನ್ನು, ಸೊಂಟ, ಕತ್ತು ಮುರಿದು, ತಲೆ ತಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನವಾಗಿಡಿ ಅಂತ. ನಿಮ್ಮ ಮನೆಯ ಅಟ್ಟದಲ್ಲಿ ತಾಳೆಗರಿಯ ಕಟ್ಟೇನಾದರೂ ಇದ್ದರೆ, ಕೊನೆಯ ಗರಿ ಬಿಚ್ಚಿ ನೋಡಿ, ನಮಗೂ ಬರೆದು ತಿಳಿಸಿ.

– ಸಂ.