ಸ್ಕ್ಯಾನಿಂಗಿನಲ್ಲಿ ಕಾಣದ ಕಿಬ್ಬೊಟ್ಟೆ ನೋವು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಒಂದೇ ವಿಷಯದ ಮೂರನ್ನು ಆರಿಸಿಕೊಂಡಿದ್ದೇನೆ. ಇಂಥ ಪತ್ರಗಳು ಹೆಚ್ಚಾಗಿ ಹೆಸರಿಲ್ಲದೆಯೇ ಬರುತ್ತವೆ.

ಪ್ರಶ್ನೆ: ನನಗೆ 33 ವರ್ಷ, ಒಬ್ಬ ಮಗನಿದ್ದಾನೆ. ಎರಡೂವರೆ ವರ್ಷಗಳಿಂದ ಹೊಕ್ಕುಳಿನ ಕೆಳಗೆ, ಎಡಗಡೆಯಲ್ಲಿ ಹೆಚ್ಚಾಗಿ, ಒಳಗಿನಿಂದ ಯಾರೋ ಜಗ್ಗಿದಂಥ ನೋವು. ಮುಟ್ಟಿನ ದಿನಗಳಲ್ಲಿ ವಿಪರೀತವಾಗುತ್ತದೆ, ಮುಗಿದ ಮೇಲೂ ಪೂರ್ತಿ ಹೋಗುವುದಿಲ್ಲ. ಮೂರು ಕಡೆ ಸ್ಕ್ಯಾನಿಂಗ್ ಮಾಡಿಸಿದೆ, ಎಲ್ಲವೂ ನಾರ್ಮಲ್. ಒಬ್ಬ ವೈದ್ಯರು ಗ್ಯಾಸ್ಟ್ರಿಕ್ ಎಂದರು, ಇನ್ನೊಬ್ಬರು ಟೆನ್ಷನ್ ಎಂದರು. ‘ರಿಪೋರ್ಟಿನಲ್ಲಿ ಏನೂ ಇಲ್ಲವಲ್ಲ’ ಎಂದು ಅತ್ತೆಯವರು ಹೇಳುತ್ತಾರೆ. ನನಗೇ ಈಗ ನನ್ನ ಮೇಲೆ ಅನುಮಾನ ಬರತೊಡಗಿದೆ.
— ಹೆಸರು ಬೇಡ, ಹಾಸನ

ಉತ್ತರ: ನಿಮಗೆ ನೋವಿದೆ, ಅದನ್ನು ಸಾಬೀತು ಮಾಡುವ ಹೊಣೆ ನಿಮ್ಮದಲ್ಲ. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನಿಂಗು ಗರ್ಭಕೋಶದ ಆಕಾರ, ಅದರ ಗಡ್ಡೆಗಳು, ಅಂಡಾಶಯದ ನೀರುಗುಳ್ಳೆಗಳು ಇಂಥವನ್ನು ಚೆನ್ನಾಗಿ ತೋರಿಸುತ್ತದೆ. ಬಿಗಿದುಕೊಂಡ ಸ್ನಾಯು, ಹಳೆಯ ಹೊಲಿಗೆಯ ಗಾಯದಲ್ಲಿ ಸಿಕ್ಕಿಕೊಂಡ ನರ, ಕೆರಳಿದ ಮೂತ್ರಕೋಶ, ಕರುಳಿನ ಸೆಳೆತ ಇವು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ‘ನಾರ್ಮಲ್’ ಎಂಬ ಮಾತನ್ನು, ಆ ಯಂತ್ರಕ್ಕೆ ಕಾಣಿಸುವಂಥ ಕಾಯಿಲೆ ಇಲ್ಲವೆಂದಷ್ಟೇ ಓದಿಕೊಳ್ಳಿ.

ಮುಟ್ಟಿನಲ್ಲಿ ಹೆಚ್ಚುವ ನೋವು ಎಂದ ಕೂಡಲೇ ಮೊದಲು ನೆನಪಾಗಬೇಕಾದದ್ದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೋ ಹೊಟ್ಟೆಯ ಒಳಪೊರೆಯ ಮೇಲೋ ಬೆಳೆದು, ಅಲ್ಲಿ ಉರಿಯೂತವನ್ನು ಉಂಟುಮಾಡುವ ಕಾಯಿಲೆ ಇದು. ಹೆರುವ ವಯಸ್ಸಿನ ಮಹಿಳೆಯರಲ್ಲಿ ಹತ್ತು ಜನರಲ್ಲಿ ಒಬ್ಬರಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ, ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿ ‘ಚಾಕೊಲೇಟ್ ಸಿಸ್ಟ್’ ಆಗಿದ್ದರೆ ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ. ಒಳಪೊರೆಯ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆಗಳಾಗಿದ್ದರೆ ಸಾಮಾನ್ಯವಾಗಿ ಕಾಣುವುದಿಲ್ಲ. ಹಿಂದೆಲ್ಲ ಲ್ಯಾಪರೊಸ್ಕೋಪಿ ಮಾಡಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ತೂರಿಸಿ, ಕಣ್ಣಾರೆ ನೋಡಿದ ಮೇಲೆಯೇ ಚಿಕಿತ್ಸೆ ಎಂಬ ಪದ್ಧತಿಯಿತ್ತು. ಈಗ ಹಾಗಿಲ್ಲ. ಲಕ್ಷಣಗಳು ಹೊಂದಿಕೆಯಾದರೆ ಸ್ಕ್ಯಾನಿಂಗ್ ಸರಿಯಿದ್ದರೂ ಹಾರ್ಮೋನ್ ಮಾತ್ರೆಗಳನ್ನು ಕೊಟ್ಟು ನೋಡಬಹುದೆಂದು ಯುರೋಪಿನ ತಜ್ಞರ ಸಂಘವು 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕುಳಿತಾಗ ನೋವಾಗುತ್ತದೆಯೇ, ಗಂಡನೊಂದಿಗೆ ಸೇರುವಾಗ ಆಳದಲ್ಲಿ ನೋವಾಗುತ್ತದೆಯೇ ಎಂಬುದನ್ನು ನೀವು ಬರೆದಿಲ್ಲ. ವೈದ್ಯರ ಮುಂದೆ ಈ ಎರಡನ್ನೂ ಸಂಕೋಚವಿಲ್ಲದೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ನೀವು ಬರೆಯದಿರುವ ಇನ್ನೊಂದು ವಿಷಯವೆಂದರೆ ಹೆರಿಗೆ ಸಿಸೇರಿಯನ್ ಆಗಿತ್ತೇ ಎಂಬುದು. ಆ ಗಾಯದ ಎರಡು ತುದಿಗಳ ಬಳಿ ಚರ್ಮದ ನರಗಳು ಸಿಕ್ಕಿಕೊಂಡು ವರ್ಷಗಟ್ಟಲೆ ನೋವು ಕೊಡುವುದುಂಟು. ಇದನ್ನು ಪರೀಕ್ಷಿಸಲು ಯಂತ್ರ ಬೇಡ. ರೋಗಿಯನ್ನು ಅಂಗಾತ ಮಲಗಿಸಿ, ನೋವಿನ ಜಾಗವನ್ನು ಒಂದೇ ಬೆರಳಿನಿಂದ ಒತ್ತಿ ಹಿಡಿದು, ಕೈ ಊರದೆ ತಲೆ ಮತ್ತು ಭುಜಗಳನ್ನು ಮೇಲೆತ್ತುವಂತೆ ಹೇಳುತ್ತೇವೆ. ಹೊಟ್ಟೆಯ ಸ್ನಾಯು ಗಟ್ಟಿಯಾದಾಗ ಒಳಗಿನ ಅಂಗಗಳಿಗೆ ಮರೆ ಸಿಗುವುದರಿಂದ, ನೋವು ಒಳಗಿನದಾದರೆ ಕಡಿಮೆಯಾಗುತ್ತದೆ. ಹೊಟ್ಟೆಯ ಗೋಡೆಯದೇ ಆದರೆ ರೋಗಿ ‘ಅಯ್ಯೋ, ಅಲ್ಲೇ!’ ಎಂದು ಕೂಗುತ್ತಾರೆ. ಕಾರ್ನೆಟ್ ಎಂಬ ಅಮೆರಿಕದ ಶಸ್ತ್ರವೈದ್ಯರು 1926ರಲ್ಲಿ ವಿವರಿಸಿದ ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಸಿಗದೆ ಮೂರನೆಯ ಸ್ಕ್ಯಾನಿಂಗಿಗೆ ಹೋದವರನ್ನು ನಾನು ಬಹಳ ಕಂಡಿದ್ದೇನೆ. ನೋವು ಹೊಟ್ಟೆಯ ಗೋಡೆಯದೇ ಎಂದಾದರೆ ಆ ಜಾಗಕ್ಕೆ ಮರಗಟ್ಟಿಸುವ ಔಷಧಿಯ ಚುಚ್ಚುಮದ್ದು ಕೊಟ್ಟು ನೋಡುತ್ತಾರೆ.

ಸೊಂಟದ ಎಲುಬಿನ ತಳದಲ್ಲಿ ತೊಟ್ಟಿಲಿನಂತೆ ಹರಡಿಕೊಂಡಿರುವ ಸ್ನಾಯುಗಳದ್ದು ಮತ್ತೊಂದು ಕಥೆ. ಯಾವುದೋ ನೋವಿಗೆ ಹೆದರಿ ಅವು ಬಿಗಿದುಕೊಳ್ಳುತ್ತವೆ. ಮೂಲ ಕಾರಣ ಹೋದ ಮೇಲೂ ಸಡಿಲಗೊಳ್ಳುವುದನ್ನು ಮರೆಯುತ್ತವೆ. ದಿನವಿಡೀ ಮುಷ್ಟಿ ಬಿಗಿಹಿಡಿದರೆ ಕೈ ಹೇಗೆ ನೋಯುವುದೋ ಹಾಗೆ. ಯೂಟ್ಯೂಬ್ ನೋಡಿ ಕೆಗೆಲ್ ವ್ಯಾಯಾಮ ಮಾಡಿದರೆ ಇಂಥವರ ನೋವು ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ, ಏಕೆಂದರೆ ಅವರಿಗೆ ಬೇಕಾದದ್ದು ಬಿಗಿ ಮಾಡುವ ಅಭ್ಯಾಸವಲ್ಲ, ಸಡಿಲಿಸುವ ಅಭ್ಯಾಸ. ಅದನ್ನು ಕಲಿಸುವ ಫಿಸಿಯೋಥೆರಪಿಸ್ಟರು ದೊಡ್ಡ ಊರುಗಳಲ್ಲಿ ಈಗ ಸಿಗುತ್ತಾರೆ.

ಮೂತ್ರ ತುಂಬಿದಾಗ ನೋವು ಏರಿ, ಹೋಗಿಬಂದ ಮೇಲೆ ಇಳಿದರೆ ಮೂತ್ರಕೋಶವನ್ನು ಸಂಶಯಿಸಬೇಕು. ಮಲಬದ್ಧತೆ ಅಥವಾ ಭೇದಿಯ ಜೊತೆ ಹೊಟ್ಟೆನೋವು ಹೆಣೆದುಕೊಂಡಿದ್ದರೆ ಕರುಳನ್ನು. ದಿನವಿಡೀ ನಿಂತು ಸಂಜೆಗೆ ಭಾರವಾಗಿ, ಮಲಗಿದರೆ ಹಗುರಾಗುವುದಾದರೆ ಉಬ್ಬಿದ ರಕ್ತನಾಳಗಳನ್ನು. ನಮ್ಮ ದೇಶದಲ್ಲಿ ಗರ್ಭಕೋಶ ಮತ್ತು ಗರ್ಭನಾಳಗಳ ಕ್ಷಯವನ್ನೂ ಮರೆಯುವಂತಿಲ್ಲ. ಮುಟ್ಟು ಕಡಿಮೆಯಾಗುತ್ತ ಬಂದು, ಮಗುವೂ ನಿಲ್ಲದಿದ್ದರೆ ಅದನ್ನು ನೋಡಲೇಬೇಕು. ಒಬ್ಬರಲ್ಲೇ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇರುವುದು ಅಪರೂಪವೇನಲ್ಲ.

‘ಟೆನ್ಷನ್’ ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ಆರು ತಿಂಗಳಿಗೂ ಹೆಚ್ಚು ಕಾಲ ನೋವುಂಡ ನರಮಂಡಲವು ಸಣ್ಣ ಸುದ್ದಿಯನ್ನೂ ದೊಡ್ಡ ದನಿಯಲ್ಲಿ ಸಾರತೊಡಗುತ್ತದೆ. ನಿದ್ದೆಗೇಡು ಮತ್ತು ಚಿಂತೆ ಆ ದನಿಯನ್ನು ಇನ್ನಷ್ಟು ಏರಿಸುತ್ತವೆ. ಆದರೆ ನಿಮ್ಮ ಚಿಂತೆ ನೋವಿಗಿಂತ ಮೊದಲು ಬಂತೋ ನೋವಿನ ಹಿಂದೆ ಬಂತೋ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ.

ಈಗ ಮಾಡಬೇಕಾದದ್ದು: ಹಾಲಿನ ಲೆಕ್ಕ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲೇ ಎರಡು ತಿಂಗಳು ನೋವಿನ ಲೆಕ್ಕವನ್ನೂ ಬರೆಯಿರಿ. ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ, ಮುಟ್ಟಿನ ದಿನಗಳಿಗೆ ಒಂದು ಚುಕ್ಕೆ, ನುಂಗಿದ ಮಾತ್ರೆಗೆ ಒಂದು ಗೀಟು, ಮಲಮೂತ್ರದ ತೊಂದರೆಯಾದ ದಿನಕ್ಕೆ ಒಂದು ಅಡ್ಡಗೆರೆ ಸಾಕು. ಆ ಎರಡು ಹಾಳೆಗಳನ್ನು ಹರಿದು ಸ್ತ್ರೀರೋಗ ತಜ್ಞರ ಮೇಜಿನ ಮೇಲಿಡಿ. ನಾಲ್ಕನೆಯ ಸ್ಕ್ಯಾನಿಂಗಿಗಿಂತ ಅದು ಹೆಚ್ಚು ಮಾತಾಡುತ್ತದೆ. ಈ ನಡುವೆ ಮುಟ್ಟು ತಪ್ಪಿ ಹೊಟ್ಟೆನೋವು ಬಂದರೆ, ನೋವು ಹಠಾತ್ತನೆ ಉಲ್ಬಣಿಸಿದರೆ, ಅಥವಾ ಜ್ವರವೋ ತಲೆಸುತ್ತೋ ಜೊತೆಗೂಡಿದರೆ ಲೆಕ್ಕ ಬರೆಯುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ 38. ಹೊಲದ ಕೆಲಸ. ಕೆಳಹೊಟ್ಟೆ ಮತ್ತು ಸೊಂಟದ ನೋವಿಗೆ ಕಾರಣ ಸಿಗದೆ, ‘ಮಕ್ಕಳಾಗಿವೆಯಲ್ಲ, ಗರ್ಭಚೀಲ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆದೀತು’ ಎಂದಿದ್ದಾರೆ. ತೆಗೆಸಲೇ?
— ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಕಾರಣ ತಿಳಿಯದೆ ತೆಗೆಸಬೇಡಿ. ಗರ್ಭಕೋಶದ ಗೋಡೆಯೊಳಗೇ ಕಾಯಿಲೆಯಿದ್ದು, ಮಾತ್ರೆಗಳಿಗೂ ಹಾರ್ಮೋನ್ ಸೂಸುವ ವಂಕಿಗೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ, ನಿಜ. ನೋವಿನ ಮೂಲ ಸ್ನಾಯುವಿನಲ್ಲೋ ಮೂತ್ರಕೋಶದಲ್ಲೋ ಇದ್ದರೆ ಗರ್ಭಚೀಲ ಹೋಗುತ್ತದೆ, ನೋವು ಉಳಿಯುತ್ತದೆ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಈ ವಯಸ್ಸಿಗೇ ಮುಟ್ಟು ನಿಂತು, ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಹೆಚ್ಚುತ್ತದೆ. ಹೊಟ್ಟೆನೋವು ಬಿಟ್ಟು ಬೇರೇನೂ ಇಲ್ಲದಿರುವಾಗ ಕ್ಯಾನ್ಸರಿನ ಹೆದರಿಕೆ ಹುಟ್ಟಿಸುವುದನ್ನು ನಾನು ಒಪ್ಪುವುದಿಲ್ಲ.

ಹತ್ತು ವರ್ಷಗಳ ಹಿಂದೆ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಹೀಗೆ ಅನಗತ್ಯವಾಗಿ ಮಾಡಿದ ಶಸ್ತ್ರಚಿಕಿತ್ಸೆಗಳು ದೊಡ್ಡ ಸುದ್ದಿಯಾದದ್ದು ನಿಮಗೂ ನೆನಪಿರಬಹುದು. ಇಂಥವನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿದೆ. ನಿಮ್ಮ ಕಾಗದಪತ್ರಗಳನ್ನೆಲ್ಲ ತೆಗೆದುಕೊಂಡು ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯಿರಿ. ಗರ್ಭಕಂಠದ ಪ್ಯಾಪ್ ಪರೀಕ್ಷೆ ಮಾಡಿಸಿರದಿದ್ದರೆ ಅದನ್ನೂ ಅಲ್ಲೇ ಮಾಡಿಸಿ. ಕ್ಯಾನ್ಸರಿನ ಭಯಕ್ಕೆ ತಕ್ಕ ಉತ್ತರ ಅದು.

ಪ್ರಶ್ನೆ: ಲ್ಯಾಪರೊಸ್ಕೋಪಿಯಲ್ಲಿ ಏನೂ ಸಿಗಲಿಲ್ಲ. ಗಾಬಾಪೆಂಟಿನ್ ಎಂಬ ನರದ ಮಾತ್ರೆ ಕೊಟ್ಟು ಮೂರು ತಿಂಗಳಾಯಿತು. ತಲೆ ಮಂಕಾಗಿ ಆಫೀಸಿನಲ್ಲೇ ತೂಕಡಿಸುತ್ತೇನೆ, ನೋವು ಇದ್ದಂತೆಯೇ ಇದೆ. ಮುಂದುವರಿಸಲೇ?
— ಮೈಸೂರು

ಉತ್ತರ: ದೀರ್ಘಕಾಲದ ಕಿಬ್ಬೊಟ್ಟೆ ನೋವಿಗೆ ಮಾಡುವ ಲ್ಯಾಪರೊಸ್ಕೋಪಿಗಳಲ್ಲಿ ಮೂರನೆಯ ಒಂದರಿಂದ ಅರ್ಧದಷ್ಟರಲ್ಲಿ ಏನೂ ಕಾಣಸಿಗುವುದಿಲ್ಲ. ನಿಮ್ಮಂಥ 306 ಮಹಿಳೆಯರ ಮೇಲೆ ಬ್ರಿಟನ್ನಿನಲ್ಲಿ ಇದೇ ಮಾತ್ರೆಯನ್ನು ಔಷಧಿಯಿಲ್ಲದ ಹುಸಿ ಮಾತ್ರೆಯೊಂದಿಗೆ ಹೋಲಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೋವಿನಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ತಲೆಸುತ್ತು, ತೂಕಡಿಕೆ ಮಾತ್ರ ಮಾತ್ರೆ ತೆಗೆದುಕೊಂಡವರಲ್ಲಿ ಹೆಚ್ಚಾಗಿದ್ದವು. ನರವೇ ಕೆಟ್ಟು ಬರುವ ಕೆಲವು ನೋವುಗಳಿಗೆ ಇದು ಒಳ್ಳೆಯ ಔಷಧಿ, ಹಾಗಾಗಿ ನಿಮ್ಮ ವೈದ್ಯರು ಯಾವ ಲೆಕ್ಕದಲ್ಲಿ ಕೊಟ್ಟಿದ್ದಾರೆಂದು ಕೇಳಿ ತಿಳಿದುಕೊಳ್ಳಿ. ನಿಲ್ಲಿಸುವುದಾದರೂ ಒಮ್ಮೆಲೇ ನಿಲ್ಲಿಸಬೇಡಿ. ಅವರ ಸಲಹೆಯಂತೆ ದಿನಗಳೆದಂತೆ ಪ್ರಮಾಣ ಇಳಿಸುತ್ತ ಬನ್ನಿ. ಅದೇ ಭೇಟಿಯಲ್ಲಿ, ಸೊಂಟದ ತಳದ ಸ್ನಾಯುಗಳನ್ನು ಇದುವರೆಗೆ ಯಾರಾದರೂ ಬೆರಳಿನಿಂದ ಮುಟ್ಟಿ ಪರೀಕ್ಷಿಸಿದ್ದಾರೆಯೇ ಎಂದೂ ಕೇಳಿ.